ಅಳಿಯದ ರಂಗೋಲಿ

ಎದ್ದಿತು, ಒಂದು ಮೂಲೆ ಕೊನೆಗೂ ಎದ್ದಿತು, ಉಗುರು ತೂರುವಷ್ಟು, ಕೊಬ್ಬರಿ ಎಣ್ಣೆ ಕೆಳಗಿಳಿದು ಅಂಟು ಮೆತ್ತಗಾಗುತ್ತಿದೆ, ಸಟ್ಟುಗವನ್ನು ಓರೆಯಾಗಿ ಹಿಡಿದರೆ ಇನ್ನೂ ಒಂದಿಷ್ಟು ಏಳುತ್ತದೆ, ದೋಸೆ ಎಬ್ಬಿಸಿದ ಹಾಗೆ — ಅವಸರ ಮಾಡಿದರೆ ಹರಿಯುತ್ತದೆ, ಗಿರಿಜಾದೇವಿಗೆ ಅವಸರವಿಲ್ಲ, ಅರವತ್ತೆರಡು ವರ್ಷದ ಹೆಂಗಸು ಮಧ್ಯಾಹ್ನ ಎರಡು ಗಂಟೆಗೆ ತನ್ನ ಫ್ಲಾಟಿನ ಹೊಸ್ತಿಲ ಮುಂದೆ ಮಣೆ ಹಾಕಿಕೊಂಡು ಕೂತು ಪ್ಲಾಸ್ಟಿಕ್ ರಂಗೋಲಿ ಕೀಳುವುದನ್ನು ಯಾರಾದರೂ ನೋಡಿದರೆ ನೋಡಲಿ, ಎಡಗೈ ಇನ್ನೂ ಬ್ಯಾಂಡೇಜಿನಲ್ಲಿದೆ, ಬಲಗೈ ಒಂದೇ ಸಾಕು, ನಾಳೆ ಭಾನುವಾರ, ಹತ್ತು ಗಂಟೆಗೆ ಅಸೋಸಿಯೇಷನ್ ಮೀಟಿಂಗ್, ಅಷ್ಟರೊಳಗೆ ಇದನ್ನು ಇಡಿಯಾಗಿ ಎಬ್ಬಿಸಬೇಕು, ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೋಗಬೇಕು, ಸೆಕ್ರೆಟರಿ ಜಯಪ್ರಕಾಶ್ ಗಂಟಲು ಸರಿಮಾಡಿಕೊಂಡು ಡಿಯರ್ ರೆಸಿಡೆಂಟ್ಸ್ ಅನ್ನುವ ಹೊತ್ತಿಗೆ ಎದ್ದು ಹೋಗಿ ಅವನ ಮೇಜಿನ ಮೇಲೆ, ಇಲ್ಲ, ಮೇಜಿಗಲ್ಲ, ಅವನ ಇಸ್ತ್ರಿ ಮಾಡಿದ ಬಿಳಿ ಅಂಗಿಯ ಎದೆಗೆ ಫಟ್ಟನೆ ಅಂಟಿಸಬೇಕು, ಎರಡು ನವಿಲು, ನಡುವೆ ಒಂದು ಹಣತೆ, ನಿನ್ನ ನವಿಲು ನೀನೇ ಇಟ್ಟುಕೋ, ನನ್ನ ಬಿಂದುವನ್ನು ಕೊಡು. ಬಿಂದು ಅವಳ ಬೆಕ್ಕು, ಹದಿಮೂರು ವರ್ಷದ್ದು, ಮೂರು ವಾರದ ಹಿಂದೆ ಸತ್ತಿತು.

ಮೂವತ್ತೊಂದು ವರ್ಷ ಈ ತಮಿಳು ನಗರದ ಪ್ಯಾರೀಸ್ ಕಾರ್ನರ್‌ನ ವಿಮಾ ಕಚೇರಿಯಲ್ಲಿ ಡೆತ್ ಕ್ಲೇಮ್ ವಿಭಾಗ, ಅಲ್ಲಿ ಕೂತವಳಿಗೆ ಗೊತ್ತಿರುತ್ತದೆ ಒಂಟಿಯಾಗಿರುವವರು ಹೇಗೆ ಸಾಯುತ್ತಾರೆಂದು, ಕಾಯಿಲೆ ಕೊಲ್ಲುವುದು ಕಡಿಮೆ, ಯಾರೂ ಬಾಗಿಲು ತಟ್ಟದೆ ಇರುವುದೇ ಕೊಲ್ಲುವುದು, ಕೆಲವು ಕಾಗದಗಳಲ್ಲಿ ಸತ್ತ ದಿನದ ಪಕ್ಕ ಸುಮಾರು ಎಂದು ಬರೆದಿರುತ್ತಿತ್ತು, ಆ ಸುಮಾರು ಎನ್ನುವ ಮಾತಿಗೆ ಹೆದರಿದಷ್ಟು ಅವಳು ಸಾವಿಗೂ ಹೆದರಿದವಳಲ್ಲ, ಅದಕ್ಕೇ ರಿಟೈರ್ ಆದ ವಾರವೇ ಪಟ್ಟಿ ಬರೆದು ಫ್ರಿಜ್ಜಿನ ಬಾಗಿಲಿಗೆ ಸಿಕ್ಕಿಸಿದಳು, ನಾಯಿ ಅಕ್ಕು, ಎರಡು ಹೊತ್ತು ಅನ್ನ ಮೊಸರು, ಗುಡುಗಿಗೆ ಹೆದರುತ್ತದೆ, ಬೆಕ್ಕು ಬಿಂದು, ಸಕ್ಕರೆ ಕಾಯಿಲೆ, ಬೆಳಗ್ಗೆ ಆರಕ್ಕೆ ಸಂಜೆ ಆರಕ್ಕೆ ಇನ್ಸುಲಿನ್, ಸೂಜಿ ಎರಡನೆಯ ಅರೆಯಲ್ಲಿ, ಡಾಕ್ಟರ ನಂಬರು ಇದು, ಬಚ್ಚಲ ಚಿಲಕ ಹಾಕಬಾರದು, ಫೋನು ಜೊತೆಗೇ ಇರಬೇಕು, ನಾನು ಹೋದರೆ ಇಬ್ಬರನ್ನೂ ಬೇರೆ ಮಾಡಬೇಡಿ — ಊರಿಂದ ತಮ್ಮ ರೇವಣಸಿದ್ದಪ್ಪನ ಫೋನು, ಯಕ್ಕಾ, ನಾಯಿ ಬೆಕ್ಕು ಕಟಗೊಂಡು ಒಬ್ಬಾಕಿ ಹೆಂಗ ಇರ್ತಿ, ನಾಳೆ ನೀ ಸತ್ತು ಬಿದ್ರ ಅವ ನಿನ್ನ ತಿಂತಾವ ನೋಡು, ತಿಂದ್ರ ತಿನ್ನಲಿ ಬಿಡೋ ರೇವಣ್ಯಾ, ಉಪಾಸ ಸಾಯೂದಕಿಂತ ಛಲೋ, ಎಂದು ನಕ್ಕಿದ್ದಳು, ಆದರೆ ಫೋನಿಟ್ಟ ಮೇಲೆ ನಗು ಬರಲಿಲ್ಲ, ಮರುದಿನವೇ ಎದುರು ಮನೆಯ ಮಾಧವಿಯ ಕೈಗೆ ಒಂದು ಬೀಗದ ಕೈ ಕೊಟ್ಟಳು, ನೋಡವ್ವಾ ಮಾಧವಿ, ನಾ ದಿನಾ ಆರರೊಳಗ ಹೊಸ್ತಿಲಿಗೆ ರಂಗೋಲಿ ಹಾಕ್ತೀನಿ, ನೀ ಬ್ಯಾಂಕಿಗೆ ಹೋಗೂಮುಂದ ಒಂದ್ಸಲ ಈ ಕಡೆ ನೋಡು, ರಂಗೋಲಿ ಇಲ್ಲಾಂದ್ರ ಬೆಲ್ ಹೊಡಿ, ತೆಗೀಲಿಲ್ಲಾಂದ್ರ ಕೀಲಿ ತೆಗದು ಒಳಗ ಬಾ, ಅಷ್ಟು ಸಾಕು. ಅಷ್ಟು ಸಾಕಾಗಿಯೇ ಇತ್ತು, ಮೂರು ವರ್ಷ. ಒಮ್ಮೆ ಜ್ವರ ಬಂದು ಏಳಲಾರದೆ ಮಲಗಿದ್ದಾಗ ಏಳೂವರೆಗೆ ಬೀಗ ತಿರುಗಿದ ಸದ್ದು, ಅಕ್ಕಾ, ಕೋಲಂ ಕಾಣ್ಲಿಲ್ಲ, ಏನಾಯ್ತು. ಫೋನು ಚಾರ್ಜ್ ಮುಗಿದು ಸಾಯಬಹುದು, ಬೆಲ್ಲು ಕೆಡಬಹುದು, ಹಿಟ್ಟಿನ ಎಳೆ ಸುಳ್ಳು ಹೇಳುವುದಿಲ್ಲ, ಕೈ ಆಡಿದರೆ ಉಂಟು, ಆಡದಿದ್ದರೆ ಇಲ್ಲ. ಬಿಂದುವಿಗೆ ಮಾತ್ರ ಅದರ ಮೇಲೆ ಏನೋ ಹಗೆ, ಹಾಕಿ ಮುಗಿಸುವುದರೊಳಗೆ ಬಂದು ತುಳಿಯುತ್ತಿತ್ತು, ಮುಂಗಾಲು ಎಡಗಡೆಯದು, ಮೂರೇ ಬೆರಳಿನದು, ಮರಿಯಾಗಿದ್ದಾಗ ಯಾರದೋ ಬೈಕಿನ ಚೈನಿಗೆ ಸಿಕ್ಕಿ ಒಂದು ಹೋಗಿತ್ತು, ಆ ಮೂರು ಬೆರಳಿನ ಗುರುತು ಹಾಲ್‌ನ ನೆಲದ ಮೇಲೆಲ್ಲ ಬಿಳಿ ಬಿಳಿ ಬೀಳುತ್ತಿತ್ತು, ಅವಳು ಬೈಯುತ್ತ ಒರೆಸುತ್ತಿದ್ದಳು.

ಸಟ್ಟುಗ ಜಾರಿತು, ನವಿಲಿನ ಬಾಲದ ತುದಿ ಹರಿಯಿತು, ಹರಿಯಲಿ, ಅಷ್ಟೇ ತಾನೆ, ಇದು ಬಂದದ್ದು ಭೋಗಿಯ ದಿನ, ಅವತ್ತು ಅವಳು ಹಬ್ಬವೆಂದು ಅಕ್ಕಿ ನೆನೆಸಿ ರುಬ್ಬಿ ಹಸಿ ಹಿಟ್ಟಿನಲ್ಲಿ ದೊಡ್ಡ ರಂಗೋಲಿ ಇಟ್ಟಿದ್ದಳು, ಒಣಗಿದ ಮೇಲೆ ವಾರವಾದರೂ ಹೋಗದು ಅಂಥದ್ದು, ಸಂಜೆ ಜಯಪ್ರಕಾಶ್ ಅಂಟಿಸುವವನನ್ನು ಕರೆದುಕೊಂಡು ಮನೆ ಮನೆಗೆ ಹೊರಟಿದ್ದ, ಹುಟ್ಟಿದ್ದು ಕೋಲಾರದ ಕಡೆ, ಬೆಳೆದದ್ದು ಅಂಬತ್ತೂರು, ಅವನ ಕನ್ನಡಕ್ಕೆ ಅರ್ಧ ತಮಿಳು, ಅಮ್ಮಾ, ಎಲ್ಲಾ ಬಾಗಿಲಿಗೂ ಒಂದೇ ಮಾದರಿ ಇದ್ರೆ ನೋಡಕ್ಕೆ ಅಳಗಾ, ಚೆನ್ನಾಗಿ ಇರುತ್ತೆ, ತೊಳೆದ್ರೂ ಹೋಗಲ್ಲ, ಇನ್ನು ನೀವು ಬಗ್ಗೋದೇ ಬೇಡ. ಬ್ಯಾಡ್ರೀ ಜಯಪ್ರಕಾಶ, ನನ್ನ ರಂಗೋಲಿ ನಾ ಹಾಕ್ಕೋತೀನಿ. ಕಮಿಟಿ ಡಿಸಿಷನ್ ಅಮ್ಮಾ. ತೊಳೆಯಲೂ ಬಿಡಲಿಲ್ಲ, ಅವಳ ಹಬ್ಬದ ರಂಗೋಲಿಯ ಮೇಲೆಯೇ ಅಂಟಿಸಿ ಬಟ್ಟೆಯಿಂದ ತಿಕ್ಕಿ ಹೋದರು. ಅದಕ್ಕೂ ಮೊದಲು ನಾಯಿಯ ನೋಟಿಸು ಬಂದಿತ್ತು, ಇನ್ನೊಂದು ಸಲ ಬೊಗಳಿದರೆ ನಾಯಿ ಇರಬೇಕೋ ನೀವು ಇರಬೇಕೋ ಯೋಚಿಸಿ ಎಂದು, ಇಂಗ್ಲಿಷಿನಲ್ಲಿ ನಯವಾಗಿ, ಅವಳು ನಾಲ್ಕು ತಿಂಗಳು ಬೆರಳೆತ್ತಿ ಶ್ ಎಂದು ಶ್ ಎಂದು ಬಿಸ್ಕತ್ತು ತಿನ್ನಿಸಿ ಅಕ್ಕುವಿನ ಬಾಯಿ ಕಟ್ಟಿಸಿದಳು. ಹೀಗೆ ಎರಡನ್ನೂ ಅವನೇ ಕಿತ್ತುಕೊಂಡ, ನಾಯಿಯ ದನಿ, ಹೊಸ್ತಿಲ ಗುರುತು. ಅವನೇ, ಅವನೊಬ್ಬನೇ — ಹೌದೇ, ಒಬ್ಬನೇ ಹೌದೇ, ಎರಡು ದಿನ ಸಿಟ್ಟು ಮಾಡಿದವಳು ಮೂರನೆಯ ಬೆಳಗ್ಗೆ ಮೊಣಕಾಲು ನೋಯದೆ ಎದ್ದು ನಿಂತು ಕಾಫಿ ಕುಡಿಯುತ್ತ ಹೋಗಲಿ ಬಿಡು ಆರಾಮಾಯಿತು ಅಂದುಕೊಂಡಳಲ್ಲ, ಮಾಧವಿಗೆ ಹೊಸ ಗುರುತು ಹೇಳಬೇಕು ಹೇಳಬೇಕು ಎಂದು ತಿಂಗಳು ದೂಡಿದಳಲ್ಲ, ಸಾವಿನ ಫೈಲುಗಳನ್ನೇ ಅರೆದು ಕುಡಿದವಳು ರಂಗೋಲಿಯ ಆ ಒಂದು ಗುರುತನ್ನು ತಿದ್ದಲಿಲ್ಲ, ಸಾಕು, ಅದನ್ನು ಈಗ ನೆನೆಸಬಾರದು, ಸಿಟ್ಟು ಸಡಿಲವಾಗುತ್ತದೆ. ಸಟ್ಟುಗಕ್ಕೆ ಇನ್ನಷ್ಟು ಎಣ್ಣೆ ಸವರಿದಳು.

ಮೂರು ವಾರದ ಹಿಂದಿನ ಆ ಮಂಗಳವಾರ, ಬೆಳಗಿನ ಐದೂವರೆ, ಬಚ್ಚಲಿನ ಒದ್ದೆ ನೆಲ, ಚಿಲಕ ಹಾಕಿರಲಿಲ್ಲ, ಪಟ್ಟಿಯಲ್ಲಿ ಬರೆದಂತೆ, ಫೋನು ಮಾತ್ರ ಹಾಸಿಗೆಯ ಮೇಲೆ ಬಿಟ್ಟಿದ್ದಳು, ಐದು ನಿಮಿಷದ ಕೆಲಸವೆಂದು, ಕಾಲು ಜಾರಿ ಬಿದ್ದದ್ದು ಬಾಗಿಲ ಹಿಂದೆಯೇ, ಒಳಕ್ಕೆ ತೆರೆಯುವ ಬಾಗಿಲು, ಸೊಂಟ ಅದಕ್ಕೂ ಗೋಡೆಗೂ ನಡುವೆ ಸಿಕ್ಕಿತು, ಮಣಿಕಟ್ಟು ಲಟ್ಟೆಂದದ್ದು ಅವಳಿಗೇ ಕೇಳಿಸಿತು. ಕೂಗಿದಳು, ಗಾಳಿಕಿಂಡಿಯ ಆಚೆ ಮೋಟರಿನ ಸದ್ದು, ಯಾರಿಗೂ ಕೇಳಲಿಲ್ಲ. ಗಾಬರಿಯಾಗಲಿಲ್ಲ, ಏಳೂವರೆಗೆ ಮಾಧವಿ ಹೊರಡುತ್ತಾಳೆ, ರಂಗೋಲಿ ಇಲ್ಲವೆಂದು ನೋಡುತ್ತಾಳೆ — ಎಂಟಾಯಿತು, ಬಿಸಿಲು ಕಿಂಡಿಯಿಂದ ಇಳಿದು ಬಕೆಟ್ಟಿನ ನೀರಿನ ಮೇಲೆ ಬಿತ್ತು, ಆಗ ನೆನಪಾಯಿತು, ರಂಗೋಲಿ ಇದೆ, ಅವಳು ಸತ್ತರೂ ಇರುತ್ತದೆ, ತೊಳೆದರೂ ಹೋಗುವುದಿಲ್ಲ. ಬೊಗಳು ಅಕ್ಕೂ, ಬೊಗಳೋ, ಎಂದು ಅರಚಿದಳು, ಪಾಪ ಅದಕ್ಕೆ ಆ ಮಾತನ್ನು ಯಾರು ಕಲಿಸಿದ್ದರು, ಅಮ್ಮ ಬೈಯುತ್ತಿದ್ದಾಳೆ ಎಂದುಕೊಂಡು ಬಾಗಿಲಾಚೆ ಗದ್ದವೂರಿ ಮಲಗಿತು, ಉಸಿರು ಮಾತ್ರ ಸಂದಿಯಿಂದ ಬಿಸಿಯಾಗಿ ಬರುತ್ತಿತ್ತು. ಆರು ಗಂಟೆಯ ಸೂಜಿ ತಪ್ಪಿತು, ಸಂಜೆಯದು ತಪ್ಪಿತು, ಬುಧವಾರದ ಎರಡೂ ತಪ್ಪಿದವು, ಬಾಗಿಲ ಕೆಳಗಿನ ಎರಡು ಬೆರಳಗಲದ ಸಂದಿಯಿಂದ ಒಂದು ಪಾದ ಒಳಗೆ ಬಂತು, ಮೂರು ಬೆರಳು, ಅವಳ ಕೆನ್ನೆಯನ್ನು ಮುಟ್ಟಿತು, ಎಷ್ಟು ಹೊತ್ತಾಯಿತು ಎಂದು ಕೇಳಿದಂತೆ, ತಡಿ ನನ್ನವ್ವ, ಬಂದೆ, ಬಂದೆ, ಬುಧವಾರ ರಾತ್ರಿ ಆ ಮೂರು ಬೆರಳು ಸಂದಿಯಲ್ಲೇ ಇದ್ದವು, ಹಿಡಿದುಕೊಂಡೇ ಇದ್ದಳು, ಯಾವಾಗ ತಣ್ಣಗಾದವೋ ಗೊತ್ತಾಗಲಿಲ್ಲ, ಬಿಂದು ಸತ್ತದ್ದು ಸುಮಾರು ಎರಡು ಗಂಟೆಗೆ, ಸುಮಾರು. ಗುರುವಾರ ಬೆಳಗ್ಗೆ ಬಾಗಿಲಿಗೆ ತೂಗುಹಾಕಿದ್ದ ಚೀಲದಲ್ಲಿ ಮಂಗಳವಾರದ ಹಾಲಿನ ಪ್ಯಾಕೆಟ್ಟು ಊದಿ ಒಡೆದು ಸೋರಿ ನವಿಲುಗಳ ಮೇಲೆ ಹರಿದಿತ್ತಂತೆ, ಆ ವಾಸನೆಗೆ ಮಾಧವಿ ಬೀಗ ತೆಗೆದಳು, ಆಸ್ಪತ್ರೆಯಲ್ಲಿ ಕೈ ಹಿಡಿದು ಅತ್ತಳು, ಅಕ್ಕಾ, ಸತ್ಯವಾಗ್ಲೂ ದಿನಾ ನೋಡ್ತಿದ್ದೆ, ಕೋಲಂ ಇತ್ತಲ್ಲ ಅಕ್ಕಾ, ಕಣ್ಣು ನೋಡ್ತು, ಮನಸ್ಸು ಸರಿ ಅಂತು, ಕಾಲು ಲಿಫ್ಟ್ ಹತ್ತಿತು. ಅವಳ ಮೇಲೆ ಸಿಟ್ಟು ಬರಲಿಲ್ಲ. ಈಗ ಫ್ರಿಜ್ಜಿನ ಮೇಲೆ ಹೊಸ ಪಟ್ಟಿ ಇದೆ, ಬೆಳಗ್ಗೆ ಸಂಜೆ ಮಾಧವಿಗೆ ಫೋನು, ಕೊರಳಲ್ಲಿ ಕರೆಗಂಟೆ, ಬಚ್ಚಲಿಗೆ ಬಾಗಿಲಿನ ಬದಲು ಪರದೆ, ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ, ಇನ್ಸುಲಿನ್ ಸಾಲನ್ನು ಮಾತ್ರ ಅವಳು ಹೊಸ ಪಟ್ಟಿಗೆ ಇಳಿಸಲಿಲ್ಲ.

ಲಿಫ್ಟು ನಿಂತಿತು, ಬೂಟು, ಅವನೇ, ಒಳಗೆ ಅಕ್ಕು ಎದ್ದು ನಿಂತದ್ದು ಗೊತ್ತಾಯಿತು, ಬೊಗಳು ಎಂದು ಈಗ ಕಲಿಸುತ್ತಿದ್ದಾಳೆ, ಇನ್ನೂ ಅರ್ಧ ದನಿಯಲ್ಲಿದೆ, ಬರುತ್ತದೆ, ಅವನ ಬೂಟಿನ ಸದ್ದಿಗೇ ಬೊಗಳುವಂತೆ ಕಲಿಸುತ್ತಾಳೆ. ಏನಮ್ಮಾ ಇದು, ಉಡಂಬು, ಮೈ, ಸರಿ ಇಲ್ದೆ ಇರೋವಾಗ ಇದೆಲ್ಲಾ ಯಾಕೆ, ನಾಳೆ ಮೀಟಿಂಗ್ ಇದೆ, ಬಾಗಿಲು ನೋಡಿದ್ರೆ ಜನ ಏನಂತಾರೆ. ಅವಳು ಸಟ್ಟುಗವನ್ನು ಇನ್ನೊಂದು ಬೆರಳಗಲ ಒಳಗೆ ತೂರಿಸಿದಳು. ಒಂದು ಪೂನೆಗೋಸ್ಕರ ಇಷ್ಟು ಕೋಪ ಒಳ್ಳೇದಲ್ಲ ಅಮ್ಮಾ, ವಯಸ್ಸಾದ ಬೆಕ್ಕು, ಹೇಗೂ ಹೋಗ್ತಿತ್ತು, ಇನ್ನೊಂದು ಸಿಗುತ್ತೆ. ಹೌದ್ರಿ, ಸೆಕ್ರೆಟರಿನೂ ಇನ್ನೊಬ್ಬ ಸಿಗ್ತಾನ, ಎಂದಳು, ಬೂಟು ಮೆಟ್ಟಿಲಿಳಿಯಿತು, ಮೈಯೆಲ್ಲ ಉರಿ, ಇನ್ನೊಂದು ಸಿಗುತ್ತದೆಯೇ, ನಿನ್ನ ಮೀಟಿಂಗಿಗೇ ಬರುತ್ತೇನೆ ತಡಿ, ಸಟ್ಟುಗ ಎಸೆದಳು, ಎದ್ದ ತುದಿಯನ್ನು ಮುಷ್ಟಿಯಲ್ಲಿ ಹಿಡಿದು ಎಳೆದಳು, ಚರ್ರ್, ಒಂದು ನವಿಲು ಪೂರ್ತಿ ಎದ್ದು ಬಂತು, ಅದರ ಕೆಳಗೆ ಬಿಳಿ, ಏನಿದು, ಎಳೆ, ಅವಳದೇ ಕೈಯ ಎಳೆ, ಭೋಗಿಯ ಬೆಳಗಿನ ಅಕ್ಕಿ ಹಿಟ್ಟು, ಅಲ್ಲಲ್ಲಿ ಅಂಟಿಗೆ ಹತ್ತಿ ಹೋಗಿದೆ, ಅಲ್ಲಲ್ಲಿ ಉಳಿದಿದೆ, ಎಳೆಯ ಪಕ್ಕದ ಬರಿಯ ಕಲ್ಲಿನ ಮೇಲೆ ಎರಡು ಚುಕ್ಕೆ, ಚುಕ್ಕೆ ಇಟ್ಟವಳು ಅವಳಲ್ಲ, ಅಲ್ಲಿ ಚುಕ್ಕೆ ಬರುವುದೇ ಇಲ್ಲ — ಥೂ, ಮತ್ತ ತುಳದೇನ ಮೂಳಾ, ಎಂದು ಅವತ್ತು ಬೈದಿದ್ದಳಲ್ಲ, ಹಬ್ಬದ ಗಡಿಬಿಡಿಯಲ್ಲಿ ಒರೆಸಿರಲಿಲ್ಲವಲ್ಲ, ಬಿಂದುವಿನ ಎರಡು ಬೆರಳು, ಮೂರನೆಯದು ಎಲ್ಲಿ, ಪ್ಲಾಸ್ಟಿಕ್ಕನ್ನು ಹೊರಳಿಸಿ ನೋಡಿದಳು, ಅಂಟಿನ ಮೇಲೆ ತೊಗರಿಬೇಳೆಯಷ್ಟು ಬಿಳಿ, ಅಂಗಾಲಿನ ಗುರುತು ಇನ್ನೂ ಪ್ಲಾಸ್ಟಿಕ್ಕಿನ ಕೆಳಗೇ ಇದೆ, ಎಳೆದರೆ ಅದೂ ಎದ್ದುಬರುತ್ತದೆ, ಬಿಟ್ಟರೆ ಮಡಚಿ ಬಿದ್ದು ಈ ಎರಡನ್ನೂ ಕಚ್ಚುತ್ತದೆ, ನಾಳೆ ಹತ್ತು ಗಂಟೆ, ಬಿಳಿ ಅಂಗಿ, ಡಿಯರ್ ರೆಸಿಡೆಂಟ್ಸ್, ಎಳೆಯಬೇಕು, ಕೈ ಎಳೆಯುತ್ತಿಲ್ಲ, ಬಲಗೈ ಒಂದೇ, ಅದು ಪ್ಲಾಸ್ಟಿಕ್ಕನ್ನು ಎತ್ತಿ ಹಿಡಿದೇ ಇದೆ, ಒಳಗೆ ಅಕ್ಕು ಒಮ್ಮೆ ಬೊಗಳಿತು, ಪೂರ್ತಿ ದನಿಯಲ್ಲಿ, ಶ್, ಎಂದಳು, ಅಲ್ಲಾಡಬೇಡ, ಯಾರೂ ಅಲ್ಲಾಡಬೇಡಿ, ಎರಡು ಬೆರಳು ಕಲ್ಲಿನ ಮೇಲೆ, ಒಂದು ಬೆರಳು ಅಂಟಿನ ಮೇಲೆ, ಎರಡು ಕಲ್ಲಿನ ಮೇಲೆ, ಒಂದು