ಮಾಹಿತಿ ಕೊಟ್ಟವರು

ನನಗೆ ಮೂಗಿನ ತುದಿಯಲ್ಲೇ ಕೋಪ. ಟೈಲರ್ ಅಂಗಡಿಗೆ ಐದು ದಿನ ಬೀಗ ಹಾಕಿ, ದಾಖಲೆ ಕಚೇರಿಯ ಮಹಡಿಯಲ್ಲಿ ನಡೆಯುವ ಮನೆತನದ ಇತಿಹಾಸ ಹುಡುಕುವ ತರಬೇತಿಗೆ ಸೇರಿದ್ದೆ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಬೆನ್ನು ಬಗ್ಗಿಸಿ ಓದಿದ್ದೇ ಓದಿದ್ದು. ಮೂರನೆಯ ದಿನವೂ ಕೈಗೆ ಏನೂ ಸಿಗದಿದ್ದರೆ ಕೋಪ ಬರದೆ ಇನ್ನೇನು ಬಂದೀತು?

ನನಗೆ ಬೇಕಿದ್ದದ್ದು ಒಬ್ಬನೇ ಒಬ್ಬ ಮನುಷ್ಯ. ಅಮ್ಮನ ಅಣ್ಣ, ನಾನು ಕಣ್ಣಲ್ಲೂ ಕಾಣದ ಸೋದರಮಾವ. ಅಜ್ಜನೊಡನೆ ಜಗಳವಾಡಿ ಮನೆ ಬಿಟ್ಟವನು. ಆಮೇಲೆ ಅಜ್ಜ ಅವನ ಹೆಸರೆತ್ತಲೂ ಯಾರಿಗೂ ಬಿಡಲಿಲ್ಲ. ಅಮ್ಮನಿಗೀಗ ಎಂಬತ್ತೆರಡು, ಹೃದಯದ ಕಾಯಿಲೆ ಬೇರೆ. ಡಾಕ್ಟರು ಅಡ್ಡಗೋಡೆಯ ಮೇಲೆ ದೀಪವಿಟ್ಟಂತೆ ಮಾತಾಡತೊಡಗಿದ್ದರು. ಅವಳು ಹೋಗುವ ಮುಂಚೆ ಅಣ್ಣನ ದನಿಯನ್ನಾದರೂ ಕೇಳಿಸಬೇಕೆಂದು ನನ್ನ ಹಟ. ಅವಳೋ ಬಡಪೆಟ್ಟಿಗೆ ಬಗ್ಗುವವಳಲ್ಲ. “ಹೆತ್ತ ಅಪ್ಪ ಸತ್ತಾಗಲೂ ಬರದವನು ನನಗ್ಯಾಕೆ? ಸುಮ್ನೆ ಬಟ್ಟೆ ಹೊಲ್ಕೊಂಡು ಬಿದ್ದಿರು” ಎಂದು ಬೈದೇ ಕಳಿಸಿದ್ದಳು.

ಅಂದು ಮಧ್ಯಾಹ್ನ ಪಾಠ ಹೇಳುವ ಮೇಡಂ, “ಈಗ ಫೈಲು ಅದಲುಬದಲು ಮಾಡ್ಕೊಳ್ಳಿ” ಎಂದರು. “ನಮ್ಮ ಮನೆ ಕಾಗದ ನಾವು ಓದೋದೇ ಇಲ್ಲ. ಗೊತ್ತಿರೋ ಕಥೆಯನ್ನೇ ಓದ್ಕೊಂಡು ಪುಟ ತಿರುಗಿಸ್ತೀವಿ.”

ನನ್ನ ಫೈಲು ಪಕ್ಕದ ಅಂಚೆಯಣ್ಣನ ಪಾಲಾಯಿತು. ನಲವತ್ತು ವರ್ಷ ಕಾಗದ ಹಂಚಿ ನಿವೃತ್ತನಾದವನು. ಸಾಲುಸಾಲಿಗೂ ಬೆರಳಿಟ್ಟು, ತುಟಿ ಅಲ್ಲಾಡಿಸುತ್ತ ಓದುವ ನಿಧಾನಸ್ಥ. ಈತ ಮುಗಿಸುವಷ್ಟರಲ್ಲಿ ನನ್ನ ಮರಿಮಕ್ಕಳು ನನ್ನನ್ನು ಹುಡುಕಿಕೊಂಡು ಬರುತ್ತಾರೆ ಎಂದುಕೊಂಡೆ.

“ಅಮ್ಮಾ, ನಿಮ್ಮಜ್ಜನ ಮರಣದ ದಾಖಲೆ ಓದಿದ್ರಾ?”

“ಅದರಲ್ಲಿ ಓದೋದೇನಿದೆ? ತಾರೀಕು ನನಗೆ ಬಾಯಿಪಾಠ. ಅವತ್ತೇ ನಾನು ಹುಟ್ಟಿದ್ದು.”

ಅದನ್ನು ಹೇಳಲು ಈಗಲೂ ಸಂಕಟ. ಅಜ್ಜನನ್ನು ನುಂಗಿಕೊಂಡು ಹುಟ್ಟಿದವಳು ಎಂದು ನೆಂಟರ ಬಾಯಲ್ಲಿ ಕೇಳುತ್ತಲೇ ಬೆಳೆದವಳು ನಾನು. ಆ ನಕಲು ಮೊದಲ ದಿನವೇ ಸಿಕ್ಕಿತ್ತು. ತಾರೀಕು ನೋಡಿದ್ದೇ ಮಡಚಿ ಫೈಲಿನ ತಳಕ್ಕೆ ತುರುಕಿದ್ದೆ.

“ಕೊನೇ ಕಾಲಂ ನೋಡಿ” ಎಂದ ಅಂಚೆಯಣ್ಣ.

ಮಾಹಿತಿ ಕೊಟ್ಟವರು: ಮಗ, ಮರಣದ ವೇಳೆ ಬಳಿಯಲ್ಲಿದ್ದವರು. ಕೆಳಗೆ ಮಾವನ ಸಹಿ, ಊರು, ಬೀದಿ, ಮನೆ ನಂಬರು.

ಮಾವ ಬಂದಿದ್ದ! ಅಪ್ಪನ ಹಾಸಿಗೆಯ ಪಕ್ಕದಲ್ಲೇ ಇದ್ದ. ಅಜ್ಜಿ ಗುಟ್ಟಾಗಿ ಕರೆಸಿರಬೇಕು. ಆ ಹೊತ್ತಿಗೆ ಅಮ್ಮ ದೂರದ ಆಸ್ಪತ್ರೆಯಲ್ಲಿ ನನ್ನನ್ನು ಹೆರುತ್ತಿದ್ದಳು. ತವರಿಗೆ ಬರುವಷ್ಟರಲ್ಲಿ ತಿಂಗಳು ಕಳೆದಿತ್ತು. ಯಾರೂ ಅವನ ಹೆಸರೆತ್ತಲಿಲ್ಲ, ಇವಳೂ ಕೇಳಲಿಲ್ಲ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಗಿತ್ತು ನನ್ನ ಪಾಡು.

“ಐವತ್ತೆಂಟು ವರ್ಷದ ಹಿಂದಿನ ವಿಳಾಸ. ಅಲ್ಲಿ ಈಗ ಯಾರಿರ್ತಾರೆ ಮಣ್ಣು?” ಎಂದೆ.

“ವಿಳಾಸದ ಕೆಲಸ ನನಗೆ ಬಿಡಿ” ಎಂದ.

ಆ ಊರಿನ ಅಂಚೆಯವರನ್ನೆಲ್ಲ ಫೋನಿನಲ್ಲಿ ಪೀಡಿಸಿ, ಐದನೆಯ ದಿನ ಮೇಡಂ ಪ್ರಮಾಣಪತ್ರ ಹಂಚುವಾಗ ಫೋನ್ ನಂಬರು ಬರೆದ ಒಂದು ಚೀಟಿ ನನ್ನ ಕೈಗಿಟ್ಟ. ಮಾವ ಬದುಕಿದ್ದ, ಮಗಳ ಮನೆಯಲ್ಲಿದ್ದ. ಪ್ರಮಾಣಪತ್ರವನ್ನು ಅಲ್ಲೇ ಬಿಟ್ಟು ಮನೆಗೆ ಓಡಿದೆ.

ಅಮ್ಮ ಮರಣದ ದಾಖಲೆಯ ಹಾಳೆಯನ್ನು ನೋಡಿದಳು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದಳು. ಅಳುತ್ತಾಳೆ ಎಂದುಕೊಂಡರೆ, “ಏನೇ ನೋಡ್ತೀಯಾ? ಹಚ್ಚೇ ಫೋನು!” ಎಂದು ಗದರಿದಳು.

ಸ್ಪೀಕರ್ ಹಾಕಿದೆ. ಮುದಿ ದನಿಯೊಂದು ಹಲೋ ಎಂದದ್ದೇ ತಡ, “ಸಹಿ ಹಾಕೋಕೆ ಬರುತ್ತೆ, ತಂಗಿಗೆ ಎರಡು ಸಾಲು ಬರೆಯೋಕೆ ಬರಲ್ವೇನೋ ಅಣ್ಣಾ ನಿಂಗೆ?” ಎಂದಳು.

“ನೀನೂ ಬರಲಿಲ್ಲವಲ್ಲೇ” ಎಂದಿತು ಆ ದನಿ. “ಅಪ್ಪ ಕೊನೇವರೆಗೂ ಬಾಗಿಲ ಕಡೆನೇ ನೋಡ್ತಿದ್ದ. ನಾನಿದ್ದೀನಿ ಅಂತ ತಾನೇ ನೀನು ಬರದೇ ಇದ್ದಿದ್ದು?”

“ಅಯ್ಯೋ ನನ್ನಪ್ಪಾ! ಹೆರಿಗೆಗೆ ಮಲಗಿದ್ದೆ ಕಣೋ! ನಿಂಗ್ಯಾರೂ ಹೇಳಲಿಲ್ವೇನೋ?” ಅಮ್ಮನ ದನಿ ಒಡೆಯಿತು. ನನ್ನ ತೋಳು ಹಿಡಿದು ಫೋನಿನ ಹತ್ತಿರ ಎಳೆದಳು. “ಅವತ್ತು ಹುಟ್ಟಿದೋಳು ಇವಳೇ. ನಿನ್ನ ಹುಡುಕಿಕೊಟ್ಟೋಳೂ ಇವಳೇ.”

“ಹೌದೇನೇ? ಹಾಗಾದ್ರೆ ಅವತ್ತು ನಮ್ಮನೇಲಿ ಒಂದು ಒಳ್ಳೇದೂ ಆಗಿತ್ತು ಅನ್ನು” ಎಂದ ಮಾವ.

ಹುಟ್ಟಿದಾಗಿನಿಂದ ಆ ತಾರೀಕಿನ ಬಗ್ಗೆ ಯಾರೂ ಹಾಗೆ ಹೇಳಿರಲಿಲ್ಲ. ಅಮ್ಮನನ್ನು ತಬ್ಬಿಕೊಂಡು ಜೋರಾಗಿ ಅತ್ತುಬಿಟ್ಟೆ.