ಅಯ್ಯ ಹೋಗದ ಓಣಿ

"ಚಂಪಾಬಾಯಿ ಮನಿ ಎಲ್ಲದ ಇದರಾಗ?"

ನೆಲದ ಮೇಲೆ ಹರಡಿದ ತಮ್ಮೂರು ನಿಲಂಗಾದ ನಕಾಶೆಯ ಮುಂದೆ ಕುಕ್ಕರಗಾಲಲ್ಲಿ ಕೂತು ಸರುಬಾಯಿ ಕೇಳಿದಳು. ತಮ್ಮ ರೇವಣಸಿದ್ಧ ಕೊನೆಯ ಗೆರೆಗಳಿಗೆ ಶಾಯಿ ತುಂಬುತ್ತಿದ್ದ. ಹೈದರಾಬಾದಿನಲ್ಲಿ ಇಂಜಿನಿಯರಿಂಗ್ ಮುಗಿಸಿ ಬಂದವನಿಗೆ ಈಗ ದಿಲ್ಲಿಯಲ್ಲಿ ನಗರ ಯೋಜನೆಯ ಮೇಲ್ಪದವಿ ಓದುವ ಹಂಬಲ. ಸಂದರ್ಶನಕ್ಕೆ ಬರುವವರು ತಮ್ಮ ಊರನ್ನು ಮನೆಮನೆ ಅಳೆದು ನಕಾಶೆ ತರಬೇಕೆಂದು ಕಾಲೇಜಿನವರು ಬರೆದಿದ್ದರು. ನಾಳೆ ಮೊದಲ ಬಸ್ಸಿಗೆ ಉದಗೀರಕ್ಕೆ ಹೋಗಿ ರೈಲು ಹಿಡಿಯದಿದ್ದರೆ ಸಂದರ್ಶನ ತಪ್ಪುತ್ತಿತ್ತು.

ಅಳೆಯಲು ಅವನು ಕಂಡುಕೊಂಡ ಉಪಾಯ ಸುಲಭದ್ದು. ತಂದೆ ರಾಚಯ್ಯ ಊರಿನ ಅಯ್ಯ, ಜಂಗಮರು. ನಲವತ್ತು ವರ್ಷದಿಂದ ದಿನಾ ಬೆಳಗ್ಗೆ ಜೋಳಿಗೆ ಹಾಕಿಕೊಂಡು ಭಿಕ್ಷೆಗೆ ಹೊರಡುವವರು. ಯಾವ ಸಂದಿ ಎಲ್ಲಿ ಕೂಡುತ್ತದೆಂದು ಕಣ್ಣು ಮುಚ್ಚಿ ಹೇಳುವವರು. ಇಪ್ಪತ್ತು ದಿನ ಟೇಪು ಹಿಡಿದು ಅವರ ಹಿಂದೆ ನಡೆದ. ಅಪ್ಪ ನಿಂತ ಬಾಗಿಲು, ಪಕ್ಕದ ಬಾಗಿಲು, ಎದುರಿನ ಬಾಗಿಲು ಎಲ್ಲ ಕಾಗದಕ್ಕೆ ಬಂದವು. ಹಳ್ಳ ಬಂದಲ್ಲಿ ಅಪ್ಪ ತಿರುಗುತ್ತಿದ್ದರು. ಮಗನೂ ತಿರುಗುತ್ತಿದ್ದ. ಜಾತಿಯ ಕಟ್ಟಿನಿಂದ ಆಚೆಯ ಓಣಿಯವರು ಅಯ್ಯನ ಜೋಳಿಗೆಗೆ ಹಿಟ್ಟು ಹಾಕುವಂತಿರಲಿಲ್ಲ.

"ಹಳ್ಳದಾಚಿಗಿ ಅದ," ಎಂದ ತಲೆಯೆತ್ತದೆ. "ಅಲ್ಲಿಗಿ ಅಪ್ಪ ಹೋಗೂದಿಲ್ಲಲ್ಲ."

ಅಲ್ಲಿ ಹಸಿರು ಬಳಿದು ಏನು ಬರೆದಿದ್ದೀ ಎಂದಳು. ಖಾಲಿ ಜಾಗ ಎಂದ.

ನಾಲ್ಕನೇ ಇಯತ್ತೆಗೇ ಶಾಲೆ ಬಿಡಿಸಿದ ಸಿಟ್ಟು ಸರುಬಾಯಿಯಲ್ಲಿ ಇನ್ನೂ ಇತ್ತು. ಆದರೆ ಅವಳು ದನಿ ಏರಿಸಲಿಲ್ಲ.

"ನಿನ್ನ ಹಡೀಲಾಕ ಅವ್ವ ಎರಡ ದಿನಾ ಬ್ಯಾನಿ ತಿಂದಾಳ ತಮ್ಮಾ. ನಿನ್ನ ಹೊರಗ ತಗದ ಕೈ ಚಂಪಾಬಾಯಿದು. ಆಕಿ ಇರೂ ಜಾಗಾ ಖಾಲಿ ಏನು? ಇಂಥಾ ನಕಾಶೆ ನೋಡೇ ಊರಿಗಿ ನಳಾ ಹಾಕ್ತಾರಂತ ನೀನೇ ಹೇಳ್ತಿ. ಆ ಓಣಿಗಿ ಹಾಕ್ತಾರ?"

ರೇವಣಸಿದ್ಧ ಶಾಯಿ ದೌತಿಯ ಬಾಯಿ ಮುಚ್ಚಿದ. ಈಗ ಅಳೆಯಲು ಹೋದರೆ ಶಾಯಿ ಹಾಕಲು ವೇಳೆ ಇರುವುದಿಲ್ಲ, ಅರೆಬರೆ ನಕಾಶೆ ಕಂಡು ಕಾಲೇಜಿನವರು ತಿರುಗಿ ಕಳಿಸಿದರೆ ಗತಿ ಏನು ಎಂದು ಗೊಣಗಿದ. ಅಷ್ಟು ಪೆನ್ಸಿಲಿನಲ್ಲೇ ಇರಲಿ, ಕೇಳಿದರೆ ಯಾಕೆಂದು ಹೇಳು ಎಂದಳು.

ಒಳಗೆ ಪೂಜೆ ಮುಗಿಸಿದ್ದ ರಾಚಯ್ಯ ಎಲ್ಲ ಕೇಳಿಸಿಕೊಂಡಿದ್ದರು. ಹೊರಗೆ ಬಂದು ನಕಾಶೆಯನ್ನು ಬಹಳ ಹೊತ್ತು ನೋಡಿದರು. ತಾವು ತಿರುಗಿದಲ್ಲೆಲ್ಲ ಗೆರೆಗಳೂ ತಿರುಗಿದ್ದವು. ಟೇಪಿನ ಇನ್ನೊಂದು ತುದಿಗೆ ಯಾರಾದರೂ ಬೇಕಲ್ಲ ಎಂದು ಕೇಳಿದರು. ಬೇಕು ಎಂದ ಮಗ. ಅವರು ಚಪ್ಪಲಿ ಮೆಟ್ಟಿದರು.

ಹಳ್ಳದಲ್ಲಿ ಅವರ ಹೆಜ್ಜೆ ಒಮ್ಮೆ ತಡೆಯಿತು. ಮಗ ಕೈ ಕೊಡಹೋದರೆ ಬೇಡವೆಂದರು.

ಓಣಿಯ ಜನ ಬಾಗಿಲಿಗೆ ಬಂದು ನಿಂತರು. ಚಂಪಾಬಾಯಿ ಮೊರ ಕೆಳಗಿಟ್ಟು, ಸೆರಗು ಎಳೆದುಕೊಂಡು ಗೋಡೆಗೆ ಸರಿದಳು.

"ಅಯ್ಯನೋರ, ನಮ್ಮ ಮನಿ ಹಿಟ್ಟು ನಿಮಗ ನಡೀತದೇನ್ರಿ?"

"ಹಿಟ್ಟಿಗಿ ಬಂದಿಲ್ಲವ್ವ. ನಿನ್ನ ಮನಿ ಬರ್ಕೊಳ್ಳಾಕ ಬಂದೀವಿ." ರಾಚಯ್ಯ ಟೇಪಿನ ತುದಿ ಹಿಡಿದುಕೊಂಡು ಅಂದರು, "ತಡಾ ಆಗ್ಯಾದ."

ಗೋಡೆಯ ಬುಡಕ್ಕೆ ಅವರ ಸೊಂಟ ಬಾಗಲಿಲ್ಲ. ಟೇಪು ಗಾಳಿಗೆ ಜೋಲಾಡುತ್ತಿತ್ತು. ಚಂಪಾಬಾಯಿ ಮೆಲ್ಲಗೆ ಕೆಳಗೆ ಕೂತು, ಅವರ ಕೈಯಿಂದ ತುದಿ ತೆಗೆದುಕೊಂಡು, ತನ್ನ ಮಣ್ಣಿನ ಗೋಡೆಗೆ ಹೆಬ್ಬೆರಳಿನಿಂದ ಒತ್ತಿ ಹಿಡಿದಳು.