ಮಾವನ ಪಾಲಿನ ವಿಟಮಿನ್

೨೦೨೩ರ ಮಾರ್ಚ್ ಏಳು, ಮಂಗಳವಾರ, ಬೆಳಿಗ್ಗೆ ಒಂಬತ್ತು ಗಂಟೆ ಹತ್ತು ನಿಮಿಷ. ಪಶುವೈದ್ಯರ ಸ್ಟೀಲ್ ಮೇಜಿನ ಮೇಲೆ ಮನೆಯ ನಾಯಿ ಗುಂಡ ಕೈಕಾಲು ಚೆಲ್ಲಿ ಮಲಗಿದ್ದ. ಮೂರು ದಿನದಿಂದ ಅನ್ನ ಮೂಸಿಯೂ ನೋಡಿರಲಿಲ್ಲ. ನೀರನ್ನು ಮಾತ್ರ ಬಟ್ಟಲುಗಟ್ಟಲೆ ಕುಡಿದು ಹೋದಲ್ಲೆಲ್ಲ ಒದ್ದೆ ಮಾಡುತ್ತಿದ್ದ. ಅವನ ತಲೆಯನ್ನು ಮಾವ ಹಿಡಿದುಕೊಂಡಿದ್ದರು. ಕಾಲಿನ ಕಡೆ ಸೊಸೆ ನಿಂತಿದ್ದಳು.

ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಅವಳಿಗೆ ಕೆಲಸ. ಮನೆಯಲ್ಲಿ ಯಾರ ಮೈಗೆ ಯಾವ ಪೋಷಕಾಂಶ ಎಷ್ಟು ಬೇಕೆಂದು ನಿರ್ಧರಿಸುವವಳೂ ಅವಳೇ. ಅತ್ತೆಗೆ ಕಬ್ಬಿಣ, ಗಂಡನಿಗೆ ಬಿ-ಹನ್ನೆರಡು, ಮಂಡಿನೋವಿನ ಮಾವನಿಗೆ ವಿಟಮಿನ್ ಡಿ, ಗುಂಡನಿಗೆ ಅವನ ಹದಿನಾಲ್ಕು ಕಿಲೋ ತೂಕಕ್ಕೆ ತಕ್ಕಷ್ಟು ಮೀನೆಣ್ಣೆ. ಡಬ್ಬಿಯ ಹಿಂದಿನ ಸಣ್ಣಕ್ಷರವನ್ನು ಅವಳು ಓದಿ ಮುಗಿಸದೆ ಒಂದು ಗುಳಿಗೆಯೂ ಹೊಸ್ತಿಲು ದಾಟುವಂತಿರಲಿಲ್ಲ. ಅದಕ್ಕೇ ಅತ್ತೆ ಅವಳಿಗೆ ತಕ್ಕಡಿ ಎಂದು ಹೆಸರಿಟ್ಟಿದ್ದರು. “ನಮ್ಮನೆ ತಕ್ಕಡಿ, ಬಿಟ್ರೆ ಉಸಿರನ್ನೂ ತೂಗಿ ಕೊಡ್ತಾಳೆ” ಎಂದು ಬಂದವರ ಮುಂದೆಲ್ಲ ಆಡಿಕೊಳ್ಳುತ್ತಿದ್ದರು. ಆಡಿಕೊಂಡ ಬಾಯಿಗೇ ಗುಳಿಗೆಯನ್ನೂ ಹಾಕಿಕೊಳ್ಳುತ್ತಿದ್ದರು.

ಡಾಕ್ಟರು ರಕ್ತಪರೀಕ್ಷೆಯ ಚೀಟಿ ಹಿಡಿದು ಬಂದರು. “ಕ್ಯಾಲ್ಸಿಯಂ ಹದಿನೈದು ಪಾಯಿಂಟ್ ಎರಡು ಬಂದಿದೆ. ಹನ್ನೆರಡರೊಳಗೆ ಇರ್ಬೇಕಿತ್ತು. ಕಿಡ್ನಿಗೂ ಪೆಟ್ಟು ಬಿದ್ದಿದೆ. ಇಲಿ ಪಾಷಾಣ ಏನಾದ್ರೂ ತಿಂದ್ನಾ?”

“ಮನೇಲಿ ಅದನ್ನ ಇಡೋದೇ ಇಲ್ಲ.”

“ವಿಟಮಿನ್ ಡಿ?”

“ಅದು ಮಾವನದು. ಮೇಲಿನ ಕಪಾಟಲ್ಲಿರುತ್ತೆ, ಇವನಿಗೆ ಎಟುಕಲ್ಲ.”

ಮಾವ ನಾಯಿಯ ಕಿವಿ ಸವರುವುದನ್ನು ನಿಲ್ಲಿಸಲಿಲ್ಲ. “ಎಟುಕಲ್ಲ, ನಿಜ. ನಾನೇ ಕೊಡ್ತಿದ್ದೆ ಕಣಮ್ಮ.”

ಅವಳು ಮಾವನ ಕಡೆ ತಿರುಗಿದಳು.

“ಮೆಟ್ಟಿಲು ಹತ್ತುವಾಗ ಇವನೂ ನನ್ನ ಹಾಗೇ ಕುಂಟ್ತಿದ್ದ. ನನ್ನ ಮಂಡಿದು ಬಿಡು, ದುಡಿಯೋಷ್ಟು ದುಡಿದಾಯ್ತು. ಇವನಿನ್ನೂ ಓಡಾಡೋ ಪ್ರಾಣಿ. ಅಂಗೈ ಮೇಲಿಟ್ರೆ ಜಾಣನ ಹಾಗೆ ತಿಂತಿದ್ದ. ನೀನು ಅಷ್ಟೆಲ್ಲ ಓದಿ ಆರಿಸಿದ್ದು ಕೆಟ್ಟದ್ದಾಗುತ್ತಾ ಅಂದ್ಕೊಂಡೆ.”

“ಎಷ್ಟು ಕೊಟ್ರಿ, ಮಾವ?”

“ನೀನು ಕೊಟ್ಟಿದ್ದಷ್ಟೂ.”

ಮೊದಲು ಅವಳು ಮಾವನಿಗೆ ಅರವತ್ತು ಸಾವಿರ ಯೂನಿಟ್ಟಿನ ಗುಳಿಗೆಯನ್ನು ವಾರಕ್ಕೊಂದು ಕೊಡುತ್ತಿದ್ದಳು. ಜನವರಿಯಲ್ಲಿ ಮಾವನ ರಕ್ತ ಪರೀಕ್ಷಿಸಿದಾಗ ವಿಟಮಿನ್ ಮಟ್ಟ ಎಳ್ಳಷ್ಟೂ ಏರಿರಲಿಲ್ಲ. ವಯಸ್ಸಾದವರ ಕರುಳು ಸರಿಯಾಗಿ ಹೀರಿಕೊಳ್ಳುವುದಿಲ್ಲ ಎಂಬುದಕ್ಕೆ ನಾಲ್ಕು ಲೇಖನ ಹುಡುಕಿ ಓದಿ, ಯಾವ ವೈದ್ಯರನ್ನೂ ಕೇಳದೆ ವಾರಕ್ಕೆ ಎರಡು ಮಾಡಿದ್ದಳು. ಗುಳಿಗೆ ನುಂಗುತ್ತಿದ್ದೀರಾ ಎಂದು ಮಾವನನ್ನು ಕೇಳುವುದು ಮಾತ್ರ ಅವಳಿಗೆ ಹೊಳೆದಿರಲಿಲ್ಲ.

ಡಾಕ್ಟರು ಮುಂಗಾಲಿಗೆ ಸೂಜಿ ಚುಚ್ಚಿ ಸಲೈನ್ ಹಚ್ಚಿದರು. “ಕ್ಯಾಲ್ಸಿಯಂ ಇಳಿಸೋ ಔಷಧಿನೂ ಹಾಕಿದೀನಿ. ಆದ್ರೆ ಆ ವಿಟಮಿನ್ ಕೊಬ್ಬಲ್ಲಿ ಸೇರ್ಕೊಂಡಿದೆ. ವಾರಗಟ್ಟಲೆ ರಕ್ತಕ್ಕೆ ಇಳೀತಾನೇ ಇರುತ್ತೆ. ಎಳೆದು ತೆಗೆಯೋ ದಾರಿ ಇಲ್ಲ. ಸಂಜೆಗೆ ಇಳಿಮುಖ ಕಂಡ್ರೆ ಉಳೀತಾನೆ ಅನ್ನಬಹುದು.”

ಮೇಜಿನ ಪಕ್ಕದ ಬೆಂಚಿನಲ್ಲಿ ಇಬ್ಬರೂ ಕುಳಿತರು. ಬೈಯಬೇಕೆಂದರೆ ಮಾವನ ಮುಖ ನೋಡಿ ಬಾಯಿ ಬರಲಿಲ್ಲ. ತಪ್ಪು ತನ್ನದು ಎಂದು ಹೇಳೋಣವೆಂದರೆ ಅದರಿಂದ ಗುಂಡನ ರಕ್ತದಲ್ಲಿ ಕ್ಯಾಲ್ಸಿಯಂ ಒಂದು ಚೂರೂ ಕಡಿಮೆಯಾಗುವಂತಿರಲಿಲ್ಲ. ನಾಯಿ ಒಮ್ಮೆ ಕಣ್ಣು ತೆರೆದು ಮಾವನ ಅಂಗೈ ಮೂಸಿ ಮತ್ತೆ ಮುಚ್ಚಿತು.

“ಈಗ ಇವನಿಗೆ ಏನು ಕೊಡ್ಬೇಕು ಹೇಳಮ್ಮ,” ಎಂದರು ಮಾವ. “ನೀನು ಹೇಳಿದಷ್ಟೇ ಕೊಡ್ತೀನಿ.”

“ಏನೂ ಇಲ್ಲ, ಮಾವ.”

“ಏನಾದ್ರೂ ಇರುತ್ತಲ್ಲ. ಓದಿ ನೋಡು.”

ಅವಳು ಮೊಬೈಲ್ ತೆರೆದಳು. ಅವರ ಸಮಾಧಾನಕ್ಕೆ ಬೆರಳಾಡಿಸುತ್ತ ಕುಳಿತಳು, ಒಂದಕ್ಷರವನ್ನೂ ಓದಲಿಲ್ಲ.

ಸಂಜೆ ಐದಕ್ಕೆ ಡಾಕ್ಟರು ಮತ್ತೆ ರಕ್ತ ತೆಗೆದರು. ಕ್ಯಾಲ್ಸಿಯಂ, ಡೆಸಿಲೀಟರಿಗೆ ೧೬.೪ ಮಿಲಿಗ್ರಾಂ.